4,29,49,67,297: ಅವಿಭಾಜ್ಯ ಎಂದು ನಂಬಿದ್ದ ಸಂಖ್ಯೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಪೂರ್ತಿ ಒಂದೇ ಸಂಖ್ಯೆಯ ಬಗ್ಗೆ. 4,29,49,67,297. ಹತ್ತಿರ ಹತ್ತಿರ 429 ಕೋಟಿ. 2ನ್ನು 32 ಸಲ ಬರೆದು ಗುಣಿಸಿ, 1 ಕೂಡಿಸಿದರೆ ಇದು ಸಿಗುತ್ತದೆ. ಅಂದರೆ 2³²+1.

ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಫ್ರೆನಿಕಲ್ ಎಂಬ ಇನ್ನೊಬ್ಬ ಗಣಿತಜ್ಞನಿಗೆ ಪತ್ರ ಬರೆದ. ಇಂಥ ಸಂಖ್ಯೆಗಳೆಲ್ಲ ಅವಿಭಾಜ್ಯ ಎಂದು ಅವನಿಗೆ ನಂಬಿಕೆ. ಸುಮ್ನೆ ಹೇಳಿದ್ದಲ್ಲ. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿ ಮಾಡುತ್ತಾ, ಪ್ರತಿ ಸಲ 1 ಕೂಡಿಸುತ್ತಾ ಹೋಗಿ: 3, 5, 17, 257, 65,537. ಐದೂ ಅವಿಭಾಜ್ಯಗಳೇ. ಆರನೆಯದೇ ನಮ್ಮ ಸಂಖ್ಯೆ.

ಇದನ್ನು ಪರೀಕ್ಷಿಸುವುದು ಹೇಗೆ? ಇದು ಅವಿಭಾಜ್ಯ ಅಲ್ಲದಿದ್ದರೆ, ಇದನ್ನು ಭಾಗಿಸುವ ಒಂದು ಅವಿಭಾಜ್ಯ ವರ್ಗಮೂಲದೊಳಗೇ ಸಿಗಬೇಕು. ಆ ವರ್ಗಮೂಲ ಸುಮಾರು 65,536. ಅಲ್ಲಿಯವರೆಗೆ 6,542 ಅವಿಭಾಜ್ಯಗಳಿವೆ. ಒಂದೊಂದರಿಂದಲೂ ಕೈಯಲ್ಲೇ ಭಾಗಿಸಬೇಕು!

1732ರಲ್ಲಿ, 25 ವರ್ಷದ ಗಣಿತಜ್ಞ ಆಯ್ಲರ್ ಉತ್ತರ ಕೊಟ್ಟ: 641 × 67,00,417. ಹುಡುಕುವ ದಾರಿಯನ್ನು ಆಮೇಲೆ ಬರೆದ. ನನಗಂತೂ ಉತ್ತರಕ್ಕಿಂತ ಆ ದಾರಿಯೇ ಜಾಸ್ತಿ ಇಷ್ಟ.

ಯಾವುದೋ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳಿ. 2ರ ಘಾತಗಳನ್ನು ಅದರಿಂದ ಭಾಗಿಸುತ್ತಾ ಶೇಷ ನೋಡಿ. 32ನೇ ಘಾತಕ್ಕೆ ಶೇಷ −1, ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ. 64ನೇ ಘಾತಕ್ಕೆ 1. ಅದಕ್ಕೂ ಮೊದಲು ಶೇಷ 1 ಬರುವ ಹಾಗೇ ಇಲ್ಲ. ಆದರೆ ಫರ್ಮಾನ ಇನ್ನೊಂದು ಪ್ರಮೇಯದ ಪ್ರಕಾರ, ಆ ಅವಿಭಾಜ್ಯಕ್ಕಿಂತ 1 ಕಡಿಮೆಯಾದ ಘಾತಕ್ಕೂ ಶೇಷ 1 ಬರಲೇಬೇಕು. ಹಾಗಾಗಿ ಅವಿಭಾಜ್ಯದಿಂದ 1 ಕಳೆದರೆ ಉಳಿಯುವುದು 64ರ ಗುಣಕ. ಈ ಪ್ರಮೇಯವನ್ನೂ ಫರ್ಮಾ ಅದೇ ವರ್ಷ, ಅದೇ ಫ್ರೆನಿಕಲ್‌ಗೆ ಬರೆದಿದ್ದ. ಬೇಕಾದ ಸಾಧನ ಅವನ ಕೈಯಲ್ಲೇ ಇತ್ತು!

ಈಗ 64ರ ಗುಣಕಗಳಿಗೆ 1 ಕೂಡಿಸಿ, ಅವಿಭಾಜ್ಯಗಳನ್ನಷ್ಟೇ ಇಟ್ಟುಕೊಳ್ಳಿ: 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿತ್ತು. 6,542 ಎಲ್ಲಿ, 5 ಎಲ್ಲಿ!

641 ಭಾಗಿಸುತ್ತದೆ ಎಂದು ನೋಡಲು ದೊಡ್ಡ ಭಾಗಾಕಾರವೂ ಬೇಡ. ಪೆನ್ನು ತೆಗೆಯಿರಿ. 641 = 5×2⁷ + 1. ಹಾಗಾಗಿ 5×2⁷ನ್ನು 641ರಿಂದ ಭಾಗಿಸಿದರೆ ಶೇಷ −1. ಅದರ ನಾಲ್ಕನೇ ಘಾತ 5⁴×2²⁸, ಅದರ ಶೇಷ 1. ಇನ್ನೊಂದು ಕಡೆ 641 = 625 + 16, ಅಂದರೆ 5⁴ + 2⁴. ಆದ್ದರಿಂದ 5⁴ ಇರುವಲ್ಲಿ −2⁴ ಹಾಕಬಹುದು. 28ಕ್ಕೆ 4 ಕೂಡಿದರೆ 32, ಅಲ್ವಾ? −2³²ರ ಶೇಷ 1, ಅಂದರೆ 2³²ರ ಶೇಷ −1. ಅದಕ್ಕೆ 1 ಕೂಡಿಸಿದರೆ ಸೊನ್ನೆ. ಮುಗಿಯಿತು.

ಇದರ ನೆರೆಯ ಸಂಖ್ಯೆಯನ್ನೂ ನೋಡಿ. ನಮ್ಮ ಸಂಖ್ಯೆಯಿಂದ 2 ಕಳೆದರೆ ಸಿಗುವುದು 3×5×17×257×65,537. ಮೊದಲ ಐದೂ ಅಲ್ಲಿವೆ! ಅಂದಮೇಲೆ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ನಮ್ಮ ಸಂಖ್ಯೆ ಶೇಷ 2 ಉಳಿಸುತ್ತದೆ. ಮೇಲಿನ ಪಟ್ಟಿಯಲ್ಲಿ 257ನ್ನು ಪರೀಕ್ಷಿಸುವ ಅಗತ್ಯವೇ ಇರಲಿಲ್ಲ.

ಘಾತ 2³² ಆಗುವವರೆಗೆ ಈ ಸಾಲಿನಲ್ಲಿ ಆರನೇ ಅವಿಭಾಜ್ಯ ಇಲ್ಲ ಎಂದು ಸಾಬೀತಾಗಿದೆ. ಘಾತ 2³³ ಇರುವ ಮುಂದಿನ ಸಂಖ್ಯೆಯಲ್ಲಿ ಅಂಕಿಗಳೇ 258 ಕೋಟಿಗೂ ಜಾಸ್ತಿ. ಅದು ಅವಿಭಾಜ್ಯವೋ ಅಲ್ಲವೋ, ಇನ್ನೂ ತೀರ್ಮಾನವಾಗಿಲ್ಲ.