ವಿಜ್ಞಾನಿಗಳಿಗೆ ನಿಜವಾದ ಮಜಾ ಸಿಗೋದು ಯಾವಾಗ?

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಕೇಳಿದ್ದಾರೆ: "ವಿಜ್ಞಾನಿಗಳು ವರ್ಷಗಟ್ಟಲೆ ಒಂದೇ ಕೆಲಸ ಮಾಡ್ತಾರಲ್ಲ, ಬೋರ್ ಆಗಲ್ವಾ? ಅವರಿಗೆ ಮಜಾ ಎಲ್ಲಿ ಸಿಗುತ್ತೆ?"

ಹೊಸದೇನಾದರೂ ಕಂಡುಹಿಡಿದಾಗ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಖಗೋಳ ವಿಜ್ಞಾನಿ ಜೋಸೆಲಿನ್ ಬೆಲ್ ಅವರಿಗೆ ಕಂಡುಹಿಡಿದಾಗ ಸಿಕ್ಕಿದ್ದು ತಲೆನೋವು. ಖುಷಿ ಸಿಕ್ಕಿದ್ದು ಎರಡನೇ ಸಲ.

[ಸ್ಕ್ರೀನ್: 1967, ಕೇಂಬ್ರಿಡ್ಜ್ ಹತ್ತಿರದ ಬಯಲು. ಸಾಲು ಸಾಲು ಕಂಬ, ತಂತಿ]

ಬೆಲ್ ಆಗ 24ರ ಪಿಎಚ್‌ಡಿ ವಿದ್ಯಾರ್ಥಿನಿ. ಆಕಾಶದಿಂದ ಬರುವ ರೇಡಿಯೋ ಅಲೆ ಹಿಡಿಯೋ ರೇಡಿಯೋ ಟೆಲಿಸ್ಕೋಪ್ ಅಂದರೆ ದೊಡ್ಡ ಡಿಶ್ ಕಣ್ಣಮುಂದೆ ಬರುತ್ತೆ ಅಲ್ವಾ? ಇದು ಹಾಗಲ್ಲ. ನಾಲ್ಕೂವರೆ ಎಕರೆ ತುಂಬಾ ಕಂಬ, ತಂತಿ. ನೋಡಿದರೆ ದ್ರಾಕ್ಷಿ ತೋಟ ಅನ್ನಬೇಕು. ಸುತ್ತಿಗೆ ಹಿಡಿದು ಅದನ್ನು ಕಟ್ಟಿದವರಲ್ಲಿ ಬೆಲ್ ಕೂಡ ಒಬ್ಬರು. (ನಮ್ಮ ಗೌರಿಬಿದನೂರಿನ ಹತ್ತಿರವೂ ಇದೇ ಜಾತಿಯದೊಂದಿದೆ. ಅದರ ಕಥೆ ಇನ್ನೊಮ್ಮೆ.)

ಬೆಲ್ ಅವರ ಟೆಲಿಸ್ಕೋಪ್ ತನಗೆ ಸಿಕ್ಕ ಸಿಗ್ನಲ್ಲನ್ನು ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ದಿನಾ ಐದು ಸೀರೆ ಉದ್ದ! ಅಷ್ಟನ್ನೂ ಕಣ್ಣಲ್ಲೇ ನೋಡಬೇಕು. ಅದರಲ್ಲಿ ಒಂದು ಕಡೆ ಬೆರಳಗಲದ ಗೀಚು. ಏನು ಅಂತ ಅರ್ಥವಾಗಲಿಲ್ಲ. ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ. ನವೆಂಬರ್ 28ರಂದು ಕಾಗದವನ್ನು ಜೋರಾಗಿ ಓಡಿಸಿದಾಗ ಗೀಚು ಬಿಡಿಬಿಡಿಯಾಯಿತು. ಟಿಕ್, ಟಿಕ್, ಟಿಕ್. 1.33 ಸೆಕೆಂಡಿಗೊಂದು.

ಗೈಡ್ ಆಂಟನಿ ಹ್ಯೂಯಿಶ್ "ಇದು ಮನುಷ್ಯರದ್ದೇ ಕೆಲಸ" ಅಂದರು. ಆದರೆ ಅದು ನಕ್ಷತ್ರಗಳ ಹಾಗೆ ದಿನಾ ನಾಲ್ಕು ನಿಮಿಷ ಮುಂಚೆ ಬರುತ್ತಿತ್ತು, ಅಂದರೆ ಬರುತ್ತಿದ್ದದ್ದು ಆಕಾಶದಿಂದಲೇ. ಮತ್ತೆ ಯಾರದು, ಏಲಿಯನ್‌ಗಳದ್ದಾ? ಅರ್ಧ ತಮಾಷೆಗೆ 'ಪುಟ್ಟ ಹಸಿರು ಮನುಷ್ಯರು' ಅಂತ ಹೆಸರಿಟ್ಟರು. ಬೆಲ್‌ಗೆ ಮಾತ್ರ ಸಿಟ್ಟು. ನಾನಿಲ್ಲಿ ಪಿಎಚ್‌ಡಿ ಮುಗಿಸೋಕೆ ಒದ್ದಾಡ್ತಿದ್ದರೆ, ಈ ಹಸಿರು ಮಂದಿಗೆ ನನ್ನ ಆಂಟೆನಾನೇ ಬೇಕಿತ್ತಾ!

ಈಗ ಬರುತ್ತೆ ನೋಡಿ, ನನಗೆ ತುಂಬಾ ಇಷ್ಟವಾದ ಭಾಗ.

ಕ್ರಿಸ್‌ಮಸ್ ರಜೆಗೆ ಮುಂಚಿನ ರಾತ್ರಿ. ಹಳೇ ಕಾಗದ ನೋಡುತ್ತಿದ್ದ ಬೆಲ್‌ಗೆ ಆಕಾಶದ ಬೇರೆಯದೇ ಜಾಗದಲ್ಲಿ ಅಂಥದೇ ಗೀಚು ಕಂಡಿತು. ಆ ಜಾಗ ಟೆಲಿಸ್ಕೋಪಿನ ಮೇಲೆ ಬರೋದು ನಡುರಾತ್ರಿ ದಾಟಿದ ಮೇಲೆ. ಹೋದರು. ಕೊರೆಯುವ ಚಳಿ. ಯಂತ್ರವೂ ಮರಗಟ್ಟಿತ್ತು, ಸರಿಯಾಗಿ ಕೆಲಸ ಮಾಡಲೊಲ್ಲದು. ಬೆಲ್ ಏನು ಮಾಡಿದರು ಗೊತ್ತಾ? ಬಾಯಿಂದ ಬಿಸಿ ಉಸಿರು ಊದಿದರು. ಚೆನ್ನಾಗಿ ಬೈದರು. ಅದೂ ಮಾತು ಕೇಳಿತು, ಐದು ನಿಮಿಷ ಮಾತ್ರ!

ರಿಮೋಟ್ ಕೆಲಸ ಮಾಡದಿದ್ದರೆ ಸೆಲ್ ತೆಗೆದು, ಹಲ್ಲಲ್ಲಿ ಕಚ್ಚಿ, ಮತ್ತೆ ಹಾಕುತ್ತೀವಲ್ಲ? ಸಾಕ್ಷಾತ್ ಅದೇ ಟೆಕ್ನಾಲಜಿ. ನಮ್ಮಮ್ಮ ಮಿಕ್ಸಿಗೆ ಬೈಯುವುದನ್ನು ನಾನಿನ್ನು ಆಡಿಕೊಳ್ಳುವುದಿಲ್ಲ.

ಆ ಐದು ನಿಮಿಷದಲ್ಲಿ ಬಂತು. ಟಿಕ್, ಟಿಕ್. ಈ ಸಲ 1.2 ಸೆಕೆಂಡಿಗೊಂದು.

ಇದರಲ್ಲಿ ಖುಷಿ ಏನು ಅಂತೀರಾ? ಒಂದೇ ಇದ್ದಾಗ ಏಲಿಯನ್ನೋ, ಯಂತ್ರದ ತಪ್ಪೋ ಅಂತ ಅನುಮಾನ. ಎರಡಾದ ಕೂಡಲೇ ಅದು ಕರಗಿತು. ಆಕಾಶದ ಎರಡು ಮೂಲೆಯ ಹಸಿರು ಮಂದಿ ಮಾತಾಡಿಕೊಂಡು ಒಂದೇ ಫ್ರೀಕ್ವೆನ್ಸಿಯಲ್ಲಿ ನಮಗೇ ಸಿಗ್ನಲ್ ಕೊಡ್ತಾರಾ? ಇದು ಹೊಸ ಜಾತಿಯ ನಕ್ಷತ್ರವೇ. ಸಿಹಿ ಅನಿಸಿದ್ದು ಆಗಲೇ ಅಂತ ಬೆಲ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ.

ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ, ಉಳಿದದ್ದು ಬೇಗ ಬೇಗ. ಅವು ಪಲ್ಸಾರ್‌ಗಳು. ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರಗಳು. ಸೂರ್ಯನಿಗಿಂತ ತೂಕ, ಅಗಲ ಮಾತ್ರ ಸುಮಾರು 20 ಕಿಲೋಮೀಟರ್. 1974ರ ನೊಬೆಲ್ ಹ್ಯೂಯಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು, ಬೆಲ್‌ಗೆ ಇಲ್ಲ. ನನಗಂತೂ ಹೊಟ್ಟೆ ಉರಿಯುತ್ತೆ. 2018ರಲ್ಲಿ ಅವರಿಗೆ 30 ಲಕ್ಷ ಡಾಲರ್ ಬಹುಮಾನ ಬಂತು. ಅಷ್ಟನ್ನೂ ಪಿಎಚ್‌ಡಿ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆ ಕೊಟ್ಟುಬಿಟ್ಟರು.

ಹ್ಞಾ, ಒಂದು ಹೇಳೋದು ಬಿಟ್ಟೆ. ಆ ರಾತ್ರಿಯ ಕಾಗದವನ್ನು ಹ್ಯೂಯಿಶ್ ಅವರ ಮೇಜಿನ ಮೇಲಿಟ್ಟು, ಬೆಲ್ ಸುಮ್ನೆ ರಜೆಗೆ ಹೊರಟರು.