ಹಳೇ ಲೈನು ಅಂತ ಬಾಗಿಲು ತೆರೆದಿಡಬೇಡಿ

ನಮಸ್ಕಾರ. ಮಾಟುಂಗಾ, ಡೊಂಬಿವಲಿ ಕಡೆಯ ಹೋಟೆಲಿನವರು ನೇಮಕ್ಕೋ ಮದುವೆಗೋ ಊರಿಗೆ ಹೊರಟಾಗ ಕೇಳೋ ಪ್ರಶ್ನೆ ಒಂದೇ: ಗಲ್ಲಾದ ಬಿಲ್ಲಿಂಗ್ ಕಂಪ್ಯೂಟರನ್ನ ಕುಂದಾಪುರದಲ್ಲಿ ಕೂತು ನೋಡಬಹುದಾ? ಧಾರಾಳವಾಗಿ ನೋಡಬಹುದು. ಅದನ್ನ ಮಾಡಿಕೊಡೋ ರೀತಿ ಮೇಲೆ ಮಾತ್ರ ನನ್ನ ತಕರಾರು. ಟೆಲಿಫೋನ್ ತಂತಿಯ ಹಳೇ ಎಡಿಎಸ್‌ಎಲ್ ಕಂಡ ತಕ್ಷಣ "ಇದಕ್ಕೆ ವಿಪಿಎನ್ ಭಾರ ಆಗುತ್ತೆ ಅಣ್ಣಾ" ಅಂದು (ವಿಪಿಎನ್ ಅಂದರೆ ಇಂಟರ್ನೆಟ್ ಮೂಲಕ ಹೋಗೋ ಬೀಗ ಹಾಕಿದ ಖಾಸಗಿ ದಾರಿ), ಮಾಡಿಕೊಡೋ ಹುಡುಗರು ರೂಟರಿನಲ್ಲಿ 3389 ಪೋರ್ಟ್ ತೆರೆದಿಟ್ಟು ಹೋಗ್ತಾರೆ. ಆ ಪೋರ್ಟ್ ರಿಮೋಟ್ ಡೆಸ್ಕ್‌ಟಾಪಿನ, ಅಂದರೆ ಕಂಪ್ಯೂಟರನ್ನ ದೂರದಿಂದ ನಡೆಸೋ ಸೌಲಭ್ಯದ ಬಾಗಿಲು. ಅದರಲ್ಲಿ 2019ರಲ್ಲಿ ಗೊತ್ತಾದ ಬ್ಲೂಕೀಪ್ ದೋಷ ಹಿಡಿದು ನುಗ್ಗೋಕೆ ಪಾಸ್‌ವರ್ಡೇ ಬೇಕಿರಲಿಲ್ಲ!

ಭಾರದ ಲೆಕ್ಕ ನೋಡಿ. ವೈರ್‌ಗಾರ್ಡ್ ಅನ್ನೋ ವಿಪಿಎನ್ ಒಂದು ಪ್ಯಾಕೆಟಿಗೆ (ಡೇಟಾದ ಒಂದು ತುಂಡಿಗೆ) ಸೇರಿಸೋದು 60 ಬೈಟು, ಹೊಸ ಬಗೆಯ ವಿಳಾಸ ಐಪಿವಿ6 ಆದರೆ 80. 1,400 ಬೈಟಿನ ಪ್ಯಾಕೆಟಿಗೆ ಅದು ನೂರಕ್ಕೆ ನಾಲ್ಕರಿಂದ ಆರು. ರೂಟರಿನಲ್ಲೇ ಪಿಪಿಟಿಪಿ ಅನ್ನೋ ಹಳೇ ವಿಪಿಎನ್ ಇದೆಯಲ್ಲ ಅಂತೀರಾ? ಅದರ ಬೀಗ 2012ಕ್ಕೇ ಮುರಿದಿದೆ.

ನಿಜವಾದ ಇಕ್ಕಟ್ಟು ಅಪ್‌ಲೋಡು. ನೀವು ಊರಲ್ಲಿ ನೋಡೋದೆಲ್ಲ ಅಂಗಡಿಯ ಲೈನಿನ ಅಪ್‌ಲೋಡಿನಿಂದ ಬರಬೇಕು, ಎಡಿಎಸ್‌ಎಲ್‌ನಲ್ಲಿ ಅದು 1 ಎಂಬಿಪಿಎಸ್ ಆಸುಪಾಸು. ಹಾಗಾಗಿ ಟ್ಯಾಲಿ ಫೈಲನ್ನ ಶೇರ್ಡ್ ಫೋಲ್ಡರಿನಿಂದ ತೆರೆಯೋ ಆಸೆ ಬಿಡಿ, ಮಧ್ಯೆ ಲೈನು ಹೋದರೆ ಡೇಟಾನೇ ಕೆಡಬಹುದು. ರಿಮೋಟ್ ಡೆಸ್ಕ್‌ಟಾಪೇ ಸರಿ, ಆದರೆ ವಿಪಿಎನ್ ಒಳಗೆ. ಬಣ್ಣ 16 ಬಿಟ್, ವಾಲ್‌ಪೇಪರ್ ಬಂದ್. ಕ್ಯಾಮೆರಾಗಳಿಗೆ ಮೇನ್ ಸ್ಟ್ರೀಮ್ ಬೇಡ, ಕಡಿಮೆ ಗುಣಮಟ್ಟದ ಸಬ್ ಸ್ಟ್ರೀಮ್ ಸಾಕು.

ಮೋಡೆಮನ್ನ ಬ್ರಿಡ್ಜ್ ಮೋಡಿಗೆ (ಲೈನನ್ನ ಬರೀ ದಾಟಿಸೋ ಹಾಗೆ) ಹಾಕಿ, ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್ ಇರೋ ರೂಟರ್ ಇಡಿ. ಪಿಪಿಪಿಒಇ (ನೆಟ್ ಕಂಪನಿಗೆ ಲಾಗಿನ್ ಆಗೋ ವಿಧಾನ) ಡಯಲ್ ಮಾಡೋದೂ ಅದೇ, ವೈರ್‌ಗಾರ್ಡ್ ನಡೆಸೋದೂ ಅದೇ. ಹೊರಗಿನಿಂದ ತೆರೆದಿರೋದು ಯುಡಿಪಿ 51820 ಪೋರ್ಟ್ ಒಂದೇ. ಸರಿಯಾದ ಕೀ ಇಲ್ಲದೆ ತಟ್ಟಿದವರಿಗೆ ಅದು ಉತ್ತರವನ್ನೇ ಕೊಡಲ್ಲ.

ಹೆಚ್ಚಿನವರು ಎಡವೋದು ಎಂಟಿಯುನಲ್ಲಿ, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿಯಲ್ಲಿ. ಟನೆಲ್ (ವಿಪಿಎನ್ ದಾರಿ) ಕೂಡುತ್ತೆ, ಪಿಂಗ್ ಬರುತ್ತೆ, ರಿಮೋಟ್ ಡೆಸ್ಕ್‌ಟಾಪ್ ತೆರೆದರೆ ಕಪ್ಪು ಪರದೆ. ಚಿಕ್ಕ ಪ್ಯಾಕೆಟ್ ನುಸುಳಿತು, ದೊಡ್ಡದು ಸಿಕ್ಕಿಹಾಕಿಕೊಂಡಿತು, ಅಷ್ಟೇ. ಪಿಪಿಪಿಒಇ 8 ಬೈಟು ತಿನ್ನೋದರಿಂದ ಲೈನಿನಲ್ಲಿ ಉಳಿಯೋದು 1492. ಅದರಲ್ಲಿ ವೈರ್‌ಗಾರ್ಡಿನ 80 ಕಳೆದರೆ 1412. ವೈರ್‌ಗಾರ್ಡ್ ತಾನಾಗಿ ಹಿಡಿಯೋದು ಸಾಮಾನ್ಯವಾಗಿ 1420. ಎರಡೂ ತುದಿಯಲ್ಲಿ 1412 ಬರೆಯಿರಿ. ಊರಿನ ಮೊಬೈಲ್ ನೆಟ್‌ನಲ್ಲಿ ಆಗಲೂ ತಡೆದರೆ 1280.

ಇನ್ನೊಂದು. ಒಳಗಿನ ನೆಟ್‌ವರ್ಕಿನ ವಿಳಾಸ ಅಂಗಡಿಯಲ್ಲೂ 192.168.1, ಊರ ಮನೆಯಲ್ಲೂ 192.168.1 ಇದ್ದರೆ ಫೋನಿಗೆ ಯಾವ ಕಡೆ ಹೋಗಬೇಕು ಅನ್ನೋದೇ ತಿಳಿಯಲ್ಲ. ಅಂಗಡಿಯದ್ದನ್ನ 192.168.57 ಅಂತ ಬದಲಾಯಿಸಿ. ಫೋನಿನ ವೈರ್‌ಗಾರ್ಡ್ ಸೆಟ್ಟಿಂಗಿನ ಅಲೋಡ್ ಐಪಿಯಲ್ಲಿ (ಟನೆಲ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿಯಲ್ಲಿ) ಅಂಗಡಿಯ ವಿಳಾಸ, ಟನೆಲ್ ವಿಳಾಸ ಮಾತ್ರ ಇರಲಿ. 0.0.0.0/0, ಅಂದರೆ ಎಲ್ಲ ವಿಳಾಸವೂ, ಹಾಕಿದಿರೋ, ಮಗ ಕುಂದಾಪುರದಲ್ಲಿ ಅದೇ ಫೋನಿನಲ್ಲಿ ನೋಡೋ ಯೂಟ್ಯೂಬೂ ಮಾಟುಂಗಾ ಸುತ್ತಿ ಬರುತ್ತೆ. ಒಂದೊಂದು ಫೋನಿಗೆ ಒಂದೊಂದು ಕೀ. ಫೋನು ಕಳೆದರೆ ಅದೊಂದನ್ನ ಕಿತ್ತುಹಾಕಿದರಾಯ್ತು.

ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗಿದ್ದರೆ ಹೊರಗಿನಿಂದ ಬರೋ ದಾರಿಯೇ ಇಲ್ಲ. ಆಗ ಪಬ್ಲಿಕ್ ಐಪಿ ಕೇಳಿ, ಕೊಡದಿದ್ದರೆ ಸಣ್ಣದೊಂದು ವಿಪಿಎಸ್ (ಇಂಟರ್ನೆಟ್ಟಿನಲ್ಲಿರೋ ಸರ್ವರ್) ಬಾಡಿಗೆಗೆ ಹಿಡಿದು ಎರಡೂ ಕಡೆಯಿಂದ ಅಲ್ಲಿಗೆ ಕೂಡಿಸಿ. ಅಂಗಡಿ ಕಡೆ ಕೀಪ್‌ಅಲೈವ್ (ದಾರಿ ಮುಚ್ಚದಂತೆ ಆಗಾಗ ಕಳಿಸೋ ಪ್ಯಾಕೆಟ್) 25 ಸೆಕೆಂಡು.

ಮುಂಬೈ ಮಳೆಗಾಲದಲ್ಲಿ ತಂತಿಯ ಜಾಯಿಂಟಿಗೆ ನೀರಿಳಿಯುತ್ತೆ. ಮೋಡೆಮಿನ ಪುಟದಲ್ಲಿ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯೋಕೆ ಸಿಗ್ನಲಿಗೆ ಉಳಿದಿರೋ ಅಂತರ) 6 ಡಿಬಿಗಿಂತ ಕೆಳಗೆ ಬಂದರೆ ಲೈನು ಕಡಿದು ಕಡಿದು ಕೂಡುತ್ತೆ. ಮೊದಲು ಸ್ಪ್ಲಿಟರ್ (ಫೋನು, ನೆಟ್ ಬೇರೆ ಮಾಡೋ ಸಣ್ಣ ಡಬ್ಬಿ), ಗೋಡೆಯ ಡಬ್ಬಿ ನೋಡಿ, ಆಮೇಲೆ ಕಂಪ್ಲೇಂಟ್. ಪ್ರತಿ ಸಲ ಕೂಡಿದಾಗ ಐಪಿ ಬದಲಾಗಬಹುದು. ಡಿಡಿಎನ್‌ಎಸ್ (ಬದಲಾಗೋ ಐಪಿಗೆ ಒಂದೇ ಹೆಸರು ಕೊಡೋ ಸೇವೆ) ಹೊಸದನ್ನ ಹಿಡಿದರೂ ವೈರ್‌ಗಾರ್ಡ್ ಆ ಹೆಸರಿನ ಐಪಿ ಹುಡುಕೋದು ಶುರುವಾಗುವಾಗ ಮಾತ್ರ. ಎಲ್ಲ ಸರಿಯಿದ್ದೂ ಏನೂ ಬರ್ತಿಲ್ಲ ಅಂದರೆ ಫೋನಿನ ಟನೆಲ್ ಒಮ್ಮೆ ಆಫ್ ಮಾಡಿ ಆನ್ ಮಾಡಿ.