ದೇವರಮನೆ ಬಾಗಿಲಿನ ಗಾಜು

ಹಾಲ್ ಲೈಟ್ ಆರಿಸುತ್ತಿದ್ದೇನೆ, ಬಾಗಿಲನ್ನೇ ನೋಡುತ್ತಿರಿ. ಕಂಡಿತಾ? ದೀಪದ ಕಂಬ, ಐದು ಬತ್ತಿ, ಮೇಲೆ ಮಾವಿನೆಲೆ ತೋರಣ. ಗಾಜು ಕಾಣುವುದೇ ಇಲ್ಲ, ಚಿತ್ರ ಮಾತ್ರ ಕತ್ತಲಲ್ಲಿ ನಿಂತ ಹಾಗಿದೆ. ದಿನಾ ನೋಡಿದರೂ ನನಗೆ ಸಾಕಾಗಿಲ್ಲ.

ಇದು ಸ್ಯಾಂಡ್‌ಬ್ಲಾಸ್ಟಿಂಗ್ ಮಾಡಿಸಿದ ಗಾಜು. ಗಾಜಿಗೆ ಸ್ಟಿಕ್ಕರ್ ಅಂಟಿಸಿ, ಚಿತ್ರ ಬರಬೇಕಾದ ಕಡೆ ಮಾತ್ರ ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಕಂಪ್ರೆಸರ್ ಗಾಳಿಯಲ್ಲಿ ಗಟ್ಟಿ ಪುಡಿ ಹೊಡೆಯುತ್ತಾರೆ. ಬರಿಗಾಜು ತರಚಿ ಒರಟಾಗುತ್ತದೆ. ಮೆತ್ತಗಿನ ಸ್ಟಿಕ್ಕರ್ ಮೇಲೆ ಪುಡಿ ಪುಟಿದು ಹೋಗುತ್ತದೆ, ಅದರಡಿಯ ಗಾಜಿಗೆ ಏನೂ ಆಗುವುದಿಲ್ಲ. 1870ರಲ್ಲಿ ಅಮೆರಿಕದ ಬೆಂಜಮಿನ್ ಟಿಲ್‌ಮನ್ ಪೇಟೆಂಟ್ ಪಡೆದ ವಿಧಾನ ಇದು.

ಹೆಸರಿನಲ್ಲಿ ಮರಳು ಇದೆ. ಆದರೆ ನಿಜವಾಗಿ ಮರಳು ಹೊಡೆಯುವ ಕಡೆ ದಯವಿಟ್ಟು ಕೆಲಸ ಕೊಡಬೇಡಿ. ಆ ಧೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗದ ಕಾಯಿಲೆ. ನಮ್ಮ ಮನೆ ಚಂದ ಕಾಣಲಿ ಅಂತ ಇನ್ನೊಬ್ಬರ ಉಸಿರು ಹೋಗಬಾರದು ಅಲ್ವಾ? ನಾನು ವಿಚಾರಿಸಿಯೇ ಕೊಟ್ಟೆ. ಅಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಬಳಸುತ್ತಾರೆ, ಮುಚ್ಚಿದ ಕೋಣೆಯಲ್ಲಿ, ಗಾಳಿ ಪೈಪ್ ಇರುವ ಹೆಲ್ಮೆಟ್ ಹಾಕಿಕೊಂಡು. ಇನ್ನೊಂದು ವಿಷಯ, ಟಫನ್ಡ್ ಗಾಜು, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಬೇಕಿದ್ದರೆ ಆಳದ ಕೆತ್ತನೆ ಮೊದಲು, ಟಫನಿಂಗ್ ಆಮೇಲೆ.

ಬೆಳಕಿನ ವಿಷಯದಲ್ಲಿ ನಾನು ಮೊದಲು ಎಡವಿದೆ. ಗಾಜಿನ ಹಿಂದೆ ಬಲ್ಬ್ ಹಾಕಿಸಿದ್ದೆ. ದೇವರ ಫೋಟೋಗಿಂತ ಬಲ್ಬೇ ಕಣ್ಣಿಗೆ ಹೊಡೆಯುತ್ತಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಅದನ್ನು ತೆಗೆದು, ಫ್ರೇಮಿನೊಳಗೆ ಗಾಜಿನ ಕೆಳ ಅಂಚಿಗೇ ಎಲ್‌ಇಡಿ ಸ್ಟ್ರಿಪ್ ಕೂರಿಸಿದರು. 3000 ಕೆಲ್ವಿನ್, ಹಳದಿ ಬೆಳಕು. ಈಗ ಬೆಳಕು ಗಾಜಿನೊಳಗೇ ಆಚೆ ಈಚೆ ಬಡಿಯುತ್ತಾ ಮೇಲೇರುತ್ತದೆ. ನುಣುಪಾಗಿರುವ ಕಡೆ ಅದಕ್ಕೆ ಹೊರಬರಲು ದಾರಿಯಿಲ್ಲ. ಒರಟು ಸಿಕ್ಕ ಕಡೆ ಚೆದುರಿ ಹೊರಗೆ ಬರುತ್ತದೆ. ಅದಕ್ಕೇ ಬತ್ತಿ ಹೊಳೆಯುತ್ತದೆ, ಪಕ್ಕದ ಗಾಜು ಕತ್ತಲಾಗಿಯೇ ಇರುತ್ತದೆ.

ಈಗ ಒದ್ದೆ ಬಟ್ಟೆಯಲ್ಲಿ ಒಂದು ಮಾವಿನೆಲೆ ಒರೆಸುತ್ತೇನೆ. ನೋಡಿ, ಎಲೆ ಮಾಸಿ ಹೋಯಿತು! ನೀರು ಆ ಸಣ್ಣ ಸಣ್ಣ ಕುಳಿಗಳನ್ನು ತುಂಬಿತು, ಅಷ್ಟೇ. ಹೆದರಬೇಡಿ. ಒಣಗುತ್ತಿದ್ದಂತೆ ತುದಿಯಿಂದ ನಿಧಾನಕ್ಕೆ ವಾಪಸ್ ಬರುತ್ತಿದೆ.

ಎಣ್ಣೆ ಮಾತ್ರ ಹೀಗೆ ಒಣಗಿ ಹೋಗುವುದಿಲ್ಲ. ಮೂರನೇ ಬತ್ತಿಯ ಹತ್ತಿರ ಮಂಕಾಗಿದೆಯಲ್ಲ, ಅದು ಅಮ್ಮನ ಹೆಬ್ಬೆರಳು. ಬೆಳಿಗ್ಗೆ ದೀಪ ಹಚ್ಚಿ ಬಾಗಿಲು ಮುಂದೆ ಮಾಡಿದ್ದಾರೆ. ಪಾತ್ರೆ ಸೋಪಿನ ನೀರು, ಹಳೇ ಟೂತ್‌ಬ್ರಷ್ ತಂದಿದ್ದೇನೆ, ಬನ್ನಿ ಉಜ್ಜೋಣ.